ಬೂದಿದಿಬ್ಬಗಳ ನಾಡಿನ ಗೋಪಾಲಕರು

ಬಳ್ಳಾರಿಯಿಂದ ಹೊಸಪೇಟೆಯತ್ತ ಸಾಗುವ ದಾರಿಯಲ್ಲಿ, ಕುಡುತಿನಿ ಗ್ರಾಮದ ಸಮೀಪದಲ್ಲಿರುವ ಬೂದುವರ್ಣದ ದಿಬ್ಬವನ್ನು, ಭೀಮಸೇನನಿಂದ ಹತನಾದ ಹಿಡಿಂಬಾಸುರನ ಚಿತಾಭಸ್ಮವೆಂದು ಸುತ್ತಲಿನ ಜನರು ತಲೆತಲಾಂತರದಿಂದ ಹೇಳಿಕೊಂಡು ಬಂದಿರುವರು. ಹಂಪೆಯ ನೆರೆಯ ನಿಂಬಾಪುರದ ದಿಬ್ಬವಾದರೋ ವಾಲಿಯ ಕಳೇಬರವನ್ನು ದಹಿಸಿದ ಸ್ಥಳವೆಂದು ಪ್ರಸಿದ್ಧವಾಗಿದೆ. ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನಲ್ಲಿಯೂ ಅದರ ಇಕ್ಕೆಲಗಳಲ್ಲಿಯೂ ಇಂತಹ ದಿಬ್ಬಗಳು ನೂರಕ್ಕೂ ಮಿಕ್ಕಿ ಕಂಡುಬಂದಿವೆ. ಇವುಗಳ ಹುಟ್ಟಿಗೆ ಮಹಾಗ್ನಿಯೊಂದು ಕಾರಣವೆಂಬುದನ್ನು ಗ್ರಾಮೀಣರ ಪುರಾಣಕಲ್ಪನೆಯು ಸರಿಯಾಗಿಯೇ ಗ್ರಹಿಸಿತ್ತೆಂಬುದು ಗಮನಾರ್ಹವಾದ ಸಂಗತಿ. ಆ ಅಗ್ನಿಗೆ ಆಹುತಿಯಾದ ವಸ್ತು ಯಾವುದೆಂಬುದೊಂದೇ ಬಹುಕಾಲ ವಿವಾದದ ವಿಷಯವಾಗಿ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸೇನಾಧಿಕಾರಿ ನ್ಯೂಬೋಲ್ಡನು ಈ ದಿಬ್ಬಗಳನ್ನು ವರ್ಣಿಸಿದ ತರುವಾಯ, ಅವು ಬಲಿದಹನಗಳ ಅವಶೇಷವೆಂದು ಕೆಲವರೂ, ಕಬ್ಬಿಣವನ್ನು ಕರಗಿಸಿದಾಗ ಉಳಿದ ಕಿಟ್ಟವೆಂದು ಕೆಲವರೂ ವಾದಿಸಿದರು. ಭೂವಿಜ್ಞಾನಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ನೆಲವನ್ನೂ ಕಲ್ಲನ್ನೂ ಓದಬಲ್ಲ ತನ್ನ ದೃಷ್ಟಿಯಿಂದ, ಇದು ದನದ ದೊಡ್ಡಿಗಳಲ್ಲಿ ಒಟ್ಟುಗೂಡಿ ಬೆಂದ ಸಗಣಿಯೆಂದು ಗುರುತಿಸಿದನು. ಆತನ ಮಾತನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸಮರ್ಥಿಸಿದ್ದು 1957ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ನನು ಅಂದಿನ ಮಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ ನಡೆಸಿದ ಉತ್ಖನನ. ಮೃದುವಾದ ಬೂದಿಯ ಪದರಗಳೂ, ಕಾವಿನ ತೀವ್ರತೆಯಿಂದ ಗಾಜಿನಂತೆ ಕರಗಿ ಗಟ್ಟಿಯಾದ ಪದರಗಳೂ ಒಂದರ ಮೇಲೊಂದು ಅಲ್ಲಿ ದೊರೆತವು. ದೊಡ್ಡಿಯ ಸುತ್ತ ನೆಟ್ಟ ದಪ್ಪ ಮರದ ಕಂಬಗಳ ಗುಳಿಗಳು ಸಾಲುಸಾಲಾಗಿ ಗೋಚರಿಸಿದವು. ಇವೆಲ್ಲಕ್ಕಿಂತ ಮಿಗಿಲಾಗಿ, ದನಗಳ ಗೊರಸಿನ ಗುರುತುಗಳೇ ಅಚ್ಚಳಿಯದೆ ಉಳಿದಿದ್ದವು. ರಾಜರ ಶಾಸನಗಳನ್ನೂ ದೇಗುಲಗಳ ಶಿಲ್ಪವನ್ನೂ ಇತಿಹಾಸದ ಮುಖ್ಯ ಆಧಾರವೆಂದು ಬಗೆಯುವ ನಮಗೆ, ಹೆಸರಿಲ್ಲದ ದನಗಾಹಿಗಳ ಮಂದೆಯ ಹೆಜ್ಜೆಗಳು ನಾಲ್ಕು ಸಾವಿರಕ್ಕೂ ಅಧಿಕ ವರ್ಷಗಳ ಬಳಿಕವೂ ಸಾಕ್ಷಿಯಾಗಿ ನಿಲ್ಲುವುದು ಅತ್ಯಂತ ಹೃದಯಂಗಮವಾದ ವಿಷಯವೆಂದು ನನಗೆ ತೋರುತ್ತದೆ.

ಈ ದನಗಾಹಿಗಳು ಬರಿಯ ಅಲೆಮಾರಿಗಳಾಗಿರಲಿಲ್ಲ. ಸಂಗನಕಲ್ಲು, ತೆಕ್ಕಲಕೋಟೆ, ಬ್ರಹ್ಮಗಿರಿ ಮೊದಲಾದೆಡೆಗಳಲ್ಲಿ ಹೆಬ್ಬಂಡೆಗಳ ಮರೆಯನ್ನಾಶ್ರಯಿಸಿ, ತಡಿಕೆಯ ಗೋಡೆಗೆ ಮಣ್ಣನ್ನು ಮೆತ್ತಿ, ಗರಸನ್ನು ಹಾಸಿ ನೆಲವನ್ನು ಸಮಮಾಡಿ, ದುಂಡನೆಯ ಗುಡಿಸಲುಗಳನ್ನು ಕಟ್ಟಿಕೊಂಡಿದ್ದರು. ಬಂಡೆಗಳ ಮೇಲೆ ಕಾಳು ಅರೆದು ಅರೆದು ನುಣುಪಾದ ತಗ್ಗುಗಳು ಇಂದಿಗೂ ಇವೆ. ಮಣ್ಣಿನಲ್ಲಿ ಸಿಕ್ಕ ಕರಕಲಾದ ಕಾಳುಗಳನ್ನು ಪರೀಕ್ಷಿಸಿದಾಗ ಹುರುಳಿ, ಹೆಸರು, ಕೊರಲೆ ಇವರ ಮುಖ್ಯ ಧಾನ್ಯಗಳಾಗಿದ್ದುದು ತಿಳಿದುಬಂದಿತು; ಬಯಲುಸೀಮೆಯ ಬಡವರ ಗಡಿಗೆಯಲ್ಲಿ ಇಂದೂ ಬೇಯುವ ಹುರುಳಿಗೆ ಎಂತಹ ದೀರ್ಘ ವಂಶಾವಳಿಯಿದೆ! ಸಂಗನಕಲ್ಲಿನ ನೆರೆಯ ಹಿರೇಗುಡ್ಡದಲ್ಲಿ ಕಪ್ಪುಕಲ್ಲಿನ ಕೊಡಲಿಗಳನ್ನು ಒಡೆದು ತಿದ್ದುವ ಕಾರ್ಯಾಗಾರವೇ ಇದ್ದಿತು. ಕಪ್ಪಗಲ್ಲು ಗ್ರಾಮದ ಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ನೀಳವಾದ ಕೋಡುಗಳುಳ್ಳ ಇಣಿವೃಷಭಗಳೇ ಅಧಿಕ. ಸುರಪುರದ ಕಡೆಯ ಬೂದಿಹಾಳಿನಲ್ಲಿ ಪುರಾತತ್ತ್ವಜ್ಞ ಪದ್ದಯ್ಯನವರು ನಡೆಸಿದ ಶೋಧನೆಯಿಂದ ದೊಡ್ಡಿ, ವಸತಿ, ದನಗಳನ್ನು ಕೊಯ್ಯುತ್ತಿದ್ದ ನೆಲ, ಇವೆಲ್ಲವೂ ಒಂದೆಡೆ ಕಾಣಬಂದವು. ಬಂಡೆಗಳ ಮೇಲೆ ಮೂಡಿಸಿದ ಪ್ರಾಣಿಯನ್ನೇ ಉಂಡ ಆ ಜನರನ್ನು ಇಂದಿನ ನಂಬಿಕೆಗಳ ಅಳತೆಯಿಂದ ತೂಗಲಾಗದು.

ಸಗಣಿಯನ್ನು ಹೊಲಕ್ಕೆ ಹಾಕದೆ ಸುಟ್ಟುದೇಕೆ? ದೊಡ್ಡಿಯನ್ನು ಶುದ್ಧಗೊಳಿಸುವ ಉದ್ದೇಶವೊಂದೇ ಆಗಿದ್ದಲ್ಲಿ ಅಷ್ಟು ಎತ್ತರದ ರಾಶಿಗಳೂ, ಕಲ್ಲಾಗುವಷ್ಟು ಪ್ರಖರವಾದ ಬೆಂಕಿಯೂ ಬೇಕಾಗಿರಲಿಲ್ಲ. ಆಲ್ಚಿನ್ನನು ಇದನ್ನು ನಮ್ಮ ಹಬ್ಬಗಳ ಅಗ್ನಿವಿಧಿಗಳೊಡನೆ ಹೋಲಿಸಿದನು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಉರಿಯುವ ಹುಲ್ಲಿನ ಮೇಲೆ ಅವುಗಳನ್ನು ಕಿಚ್ಚು ಹಾಯಿಸುವುದನ್ನು ಬಲ್ಲವರಿಗೆ ಈ ಹೋಲಿಕೆ ಅಸಹಜವೆನಿಸದು. ಎರಡರ ನಡುವೆ ಅಖಂಡವಾದ ಪರಂಪರೆಯನ್ನು ಸಾಧಿಸುವುದು ದುಸ್ಸಾಧ್ಯವೇ ಸರಿ. ಆದರೂ ಪಶುಸಂಪತ್ತೇ ಸರ್ವಸ್ವವಾಗಿದ್ದ ಜನಕ್ಕೆ ಆ ಬೆಂಕಿ ಊರೆಲ್ಲ ನೆರೆಯುವ ವರ್ಷಾವಧಿ ಉತ್ಸವವಾಗಿದ್ದಿತೆಂಬ ಊಹೆಯೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಕ್ರಿ.ಪೂ. 1200ರ ಸುಮಾರಿಗೆ ಸಂಗನಕಲ್ಲಿನ ಗುಡ್ಡದ ನೆಲೆಗಳು ಬರಿದಾಗತೊಡಗಿದವು. ಬಾಳ್ವೆ ಬಯಲಿಗಿಳಿಯಿತು, ಕಬ್ಬಿಣವೂ ಬೃಹತ್ ಶಿಲಾಸಮಾಧಿಗಳೂ ಬಂದವು. ನಮ್ಮ ಕಾಲದಲ್ಲಿ ಆ ಗುಡ್ಡಗಳಿಗೆ ಒದಗಿರುವ ಅಪಾಯ ಬೇರೆ ಬಗೆಯದು. ಕಲ್ಲುಗಣಿಗಳು ಹೆಬ್ಬಂಡೆಗಳನ್ನು ಸಿಡಿಸಿವೆ. ಎಷ್ಟೋ ದಿಬ್ಬಗಳ ಬೂದಿ ಗೊಬ್ಬರವಾಗಿ ಗಾಡಿಯೇರಿ ಹೊಲಗಳಿಗೆ ಹೋಗಿದೆ. ಗೊಬ್ಬರಕ್ಕಾಗಿ ಅಗೆಯುವ ರೈತನನ್ನು ದೂಷಿಸಲು ನನಗೆ ಮನಸ್ಸು ಬಾರದು. ಆದರೆ ಪದರಗಳ ಅನುಕ್ರಮವೊಮ್ಮೆ ಕದಡಿದ ಮೇಲೆ ಯಾವ ಬೆಂಕಿ ಮೊದಲು, ಯಾವುದು ಆಮೇಲೆ, ಮಂದೆ ಎಷ್ಟು ಕಾಲ ಅಲ್ಲಿ ತಂಗಿತ್ತು ಎಂಬುದನ್ನು ಮತ್ತಾವ ವಿದ್ಯೆಯಿಂದಲೂ ಅರಿಯಲಾಗದು.