ಮೂವತ್ತೆರಡು ಗುಂಟೆ

ಅಪ್ಪ ತೀರಿಕೊಂಡದ್ದು 1999ರ ಬೇಸಿಗೆಯಲ್ಲಿ. ದಿನಕರ್ಮ ಮುಗಿದು, ಬೀಗರು-ಬಿಜ್ಜರು ತಮ್ಮ ತಮ್ಮ ಊರಿಗೆ ಹೋದ ಮೇಲೆ ತಿರ್ಲಾಪುರದ ಮನೆಯ ಪಡಸಾಲೆಯಲ್ಲಿ ಉಳಿದವರು ನಾವಷ್ಟೇ: ಅವ್ವ, ಅಣ್ಣ, ತಮ್ಮ, ತಂಗಿ ಮತ್ತು ನಾನು. ತಮ್ಮ ತಂಗಿಗೆ ಹೇಳಿದ, "ಸೋಮವಾರ ನವಲಗುಂದಕ್ಕ ಬಂದು ಒಂದು ಸಹಿ ಮಾಡಿ ಹೋಗವಾ."

"ನಾನೂ ಬರಬೇಕೇನಪಾ?" ಎಂದೆ.

"ಬ್ಯಾಡಕ್ಕಾ. ನಿನ್ನ ಸಹಿ ಬೇಕಾಗಿಲ್ಲಂತ. ನಿನ್ನ ಲಗ್ನ ತೊಂಬತ್ನಾಕಕ್ಕಿಂತ ಮೊದಲ ಆಗೇತಲ್ಲ."

ಬಸ್ಸಿನ ಖರ್ಚು ಉಳಿಯಿತು ಎಂದು ನಾನು ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಆಸ್ತಿ ಬೇಕೆಂದಲ್ಲ. ತಂಗಿಯಾದರೂ 'ನನಗೆ ಬೇಡ' ಎಂದು ಬರೆದುಕೊಡಬೇಕಾಗಿತ್ತು. ಬೇಡ ಎನ್ನುವುದಕ್ಕೂ ನಾನು ಬೇಕಾಗಿರಲಿಲ್ಲ. ನನ್ನ ಲಗ್ನ 1991ರಲ್ಲಿ, ಅವಳದು 1996ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ಈ ಗೆರೆಯನ್ನು ಎಳೆದವರು ಯಾರು?

ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಾನುಗಟ್ಟಲೆ ಇತಿಹಾಸ ಕಲಿಸಿದವಳು ನಾನು. 'ಮಿತಾಕ್ಷರ ಗ್ರಂಥವನ್ನು ಬರೆದವರು ಯಾರು?' ಎಂಬುದು ಒಂದು ಅಂಕದ ಪ್ರಶ್ನೆ. 'ವಿಜ್ಞಾನೇಶ್ವರ' ಎಂದು ಬರೆದರೆ ಒಂದು ಅಂಕ. 1076ರಿಂದ 1126ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ಪಂಡಿತ ಅವನು. ಕಲ್ಯಾಣವೆಂದರೆ ಈಗಿನ ಬಸವಕಲ್ಯಾಣ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಆ ವ್ಯಾಖ್ಯಾನವೇ ಮುಂದೆ ಬಂಗಾಲ, ಅಸ್ಸಾಮಗಳನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂಗಳ ಆಸ್ತಿಯ ಕಾನೂನಾಯಿತು. ನಮ್ಮ ನಾಡಿನವನ ಪುಸ್ತಕವೆಂದು ಹುಡುಗಿಯರಿಗೆ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ! ಅದರ ಒಂದು ಎಳೆ ತಿರ್ಲಾಪುರದ ನಮ್ಮ ಎರಿ ಹೊಲದ ತನಕ ಬಂದು ನಿಂತಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಎಂಬುದು ಮಿತಾಕ್ಷರದ ಮಾತು. ಅಪ್ಪ ಸಾಯುವ ತನಕ ಅವನು ಕಾಯಬೇಕಿಲ್ಲ. ಮಗಳಿಗೆ ಆ ಹುಟ್ಟುಹಕ್ಕು ಇಲ್ಲ. ಹಾಗೆಂದು ವಿಜ್ಞಾನೇಶ್ವರನನ್ನು ಬರೀ ಬೈದರೆ ಅನ್ಯಾಯವಾದೀತು. ಗಂಡುಮಗನಿಲ್ಲದೆ ಬೇರೆಯಾಗಿದ್ದವನು ಸತ್ತರೆ ಅವನ ಆಸ್ತಿ ಹೆಂಡತಿಗೆ ಹೋಗಬೇಕೆಂದು ವಾದಿಸಿದವನು ಅವನೇ. ಸ್ತ್ರೀಧನವೆಂದರೆ ಅರಿಷಿಣ-ಕುಂಕುಮದ ಜೊತೆ ಬಂದ ಒಡವೆ ಅಷ್ಟೇ ಅಲ್ಲ, ಅವಳಿಗೆ ವಾರಸಾ ಬಂದದ್ದೂ ಸ್ತ್ರೀಧನವೇ ಎಂದವನೂ ಅವನೇ. ಮುಂದೆ ಬಂದ ಇಂಗ್ಲಿಷರ ನ್ಯಾಯಾಲಯಗಳು ಅವನು ಕೊಟ್ಟದ್ದನ್ನೂ ಬಹಳಮಟ್ಟಿಗೆ ಮೊಟಕು ಮಾಡಿದವು.

ಧಾರವಾಡ ಜಿಲ್ಲೆ 1956ರ ತನಕ ಮುಂಬಯಿ ಸರಕಾರದ ಕೆಳಗಿತ್ತು. ಅತ್ತ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಬಂದು, ವಾಟ್ನಿಯ ಕಾಲಕ್ಕೆ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಸಿಕ್ಕಿತು. ನಮ್ಮ ಕಡೆಗೆ ಅದು ಬರಲಿಲ್ಲ. ನಾಲ್ಕು ವರ್ಷ ಬಿಟ್ಟು, 1937ರಲ್ಲಿ, ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದು ಕಾಯ್ದೆಯಾಗಿ ವಿಧವೆಗೆ ಗಂಡನ ಪಾಲು ಬಂದಿತು. ಆದರೆ ಅವಳು ಇರುವ ತನಕ ಉಣ್ಣಬೇಕು, ಮಾರುವಂತಿಲ್ಲ. ಅದರ ಮೇಲೆ 1941ರಲ್ಲಿ ಫೆಡರಲ್ ಕೋರ್ಟು, ಈ ಕಾಯ್ದೆ ಸಾಗುವಳಿ ಭೂಮಿಗೆ ಹತ್ತುವುದಿಲ್ಲ ಎಂದಿತು. ಹೊಲವನ್ನು ಬಿಟ್ಟರೆ ನಮ್ಮ ಕಡೆಯ ವಿಧವೆಗೆ ಇದ್ದದ್ದಾದರೂ ಏನು? ಹೊಲದ ಮಟ್ಟಿಗೆ ಪ್ರಾಂತಗಳೇ ಬೇರೆ ಕಾಯ್ದೆ ಮಾಡಬೇಕಾಯಿತು.

ನನ್ನ ಅಮ್ಮ, ಅಂದರೆ ಅಪ್ಪನ ತಾಯಿ, ಆ ಕಾಲದ ವಿಧವೆ. ಅಪ್ಪ ಇನ್ನೂ ಕೂಸು. ಮೈದುನರು ವಾಟ್ನಿ ಮಾಡಿಕೊಂಡಾಗ ಅವಳ ಪೋಟಗಿಗೆಂದು 4 ಎಕರೆ ಬಿಟ್ಟರು. 'ಮುದುಕಿ ಪಟ್ಟಿ' ಎಂದೇ ಆ ಹೊಲದ ಹೆಸರು, ಅವಳು ಮುದುಕಿಯಾಗುವ ಮೊದಲಿನಿಂದಲೂ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಆ ದಿನದಿಂದ ಹೆಣ್ಣುಮಗಳು ಹಿಡಿದಿದ್ದ ಇಂಥ ಅರೆಹಕ್ಕಿನ ಆಸ್ತಿ ಪೂರ್ತಿ ಅವಳದಾಯಿತು. ಪೋಟಗಿಗೆ ಕೊಟ್ಟದ್ದೂ ಇದರಲ್ಲಿ ಸೇರಿತು ಎಂದು ಆಂಧ್ರದ ತುಳಸಮ್ಮನ ಖಟ್ಲೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿತು. ನಮ್ಮ ಅಮ್ಮ 1979ರಲ್ಲಿ ಸತ್ತಳು. ಆ ನಾಲ್ಕು ಎಕರೆಗೆ ತಾನೇ ಒಡತಿ, ಬೇಕಾದರೆ ಮಾರಬಹುದಿತ್ತು, ಮಗಳಿಗೆ ಕೊಡಬಹುದಿತ್ತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳ ನಂತರ ಅದರಲ್ಲಿ ಅರ್ಧ ನಮ್ಮ ಸೋದರತ್ತಿಗೆ ಬರಬೇಕಾಗಿತ್ತು. ಅತ್ತಿ ಪ್ರತಿ ವರ್ಷ ಆ ಹೊಲದ ಕಡ್ಲಿಗಿಡ ಒಂದು ಹೊರೆ ಒಯ್ಯುತ್ತಿದ್ದಳು, 'ಅಣ್ಣ ಕೊಟ್ಟಾನ' ಎಂದು ಊರೆಲ್ಲ ಹೇಳುತ್ತ.

1956ರ ಕಾಯ್ದೆ ಮಗಳಿಗೆ ಏನೂ ಕೊಡಲಿಲ್ಲವೆಂದಲ್ಲ. ಅಪ್ಪನ ಸ್ವಂತ ಗಳಿಕೆಯಲ್ಲಿ ಮಗನಷ್ಟೇ ಪಾಲು ಕೊಟ್ಟಿತು. ಹಿರಿಯರ ಹೊಲದಲ್ಲಿ ಮಾತ್ರ ಮಿತಾಕ್ಷರದ ಹುಟ್ಟುಹಕ್ಕು ಗಂಡುಮಕ್ಕಳಲ್ಲೇ ಉಳಿಯಿತು. ಇನ್ನು ತವರುಮನೆಯ ಮಾತು: ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವ ತನಕ ಹೆಣ್ಣುಮಗಳು ವಾಸದ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. ಈ ಕಲಮು 2005ರ ತನಕ ಇತ್ತು.

ನಮ್ಮದು ಹೊಲಕ್ಕಾಗಿ ಜೀವ ಕೊಟ್ಟ ತಾಲೂಕು. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದು, 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ಆದಾಗ ನಾನು ಹನ್ನೊಂದು ವರ್ಷದ ಹುಡುಗಿ. ಅಂಥ ನೆಲದಲ್ಲಿ ಮಗಳು ಪಾಲಿನ ಮಾತೆತ್ತಿದರೆ ಮನೆಯವರ ಕಣ್ಣು ಹೇಗಾಗುತ್ತದೆ ಎಂಬುದನ್ನು ಓದುತ್ತಿರುವ ಅಕ್ಕ-ತಂಗಿಯರಿಗೆ ನಾನು ಹೇಳಬೇಕಿಲ್ಲ.

ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದಿತು. ಆಂಧ್ರ, ತಮಿಳುನಾಡುಗಳು ಮೊದಲೇ ದಾರಿ ತೋರಿಸಿದ್ದವು. ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದಿತು ಆ ಕಾಯ್ದೆ. ಆದರೆ ಅದಕ್ಕಿಂತ ಮೊದಲು ಲಗ್ನವಾದವಳಿಗೆ ಇಲ್ಲ. ಮಗನಿಗೆ ಲಗ್ನದ ತಾರೀಖು ಯಾರೂ ಕೇಳಲಿಲ್ಲ. ನನ್ನ ತಂಗಿ ಹೀಗೆ ಹಕ್ಕುದಾರಳಾದಳು. ನವಲಗುಂದದ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದಳು. ನಮ್ಮಿಬ್ಬರಿಗೂ ಒಂದೇ ಬಣ್ಣದ ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದರು. ಆಮೇಲೆ ಅಣ್ಣ-ತಮ್ಮ ತಲಾಟಿಗೆ ವರ್ದಿ ಕೊಟ್ಟು ಹೊಲ ಹಂಚಿಕೊಂಡರು.

2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಲಗ್ನದ ಗೆರೆಯನ್ನು ಅಳಿಸಿತು. ನಮ್ಮ ಅಪ್ಪ ಅದಕ್ಕಿಂತ ಮೊದಲೇ ಸತ್ತಿದ್ದನಲ್ಲ, ಹಾಗಾದರೆ? ಇದೇ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರೂ ನಮ್ಮ ಕರ್ನಾಟಕದ ಹೆಣ್ಣುಮಕ್ಕಳೇ. ಫೂಲಾವತಿಯವರ ಖಟ್ಲೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, ಆ ದಿನ ಅಪ್ಪ ಜೀವಂತ ಇರಬೇಕಿತ್ತು ಎಂದಿತು. 2001ರಲ್ಲೇ ಅಪ್ಪನನ್ನು ಕಳೆದುಕೊಂಡಿದ್ದ ದಾನಮ್ಮನಿಗೆ 2018ರಲ್ಲಿ ಅದೇ ಕೋರ್ಟು ಪಾಲು ಕೊಟ್ಟಿತು. ಎರಡು ತೀರ್ಪು ಎರಡು ದಿಕ್ಕಿಗೆ. ಕೊನೆಗೆ ಮೂವರು ನ್ಯಾಯಮೂರ್ತಿಗಳು ಕೂತು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಅವರ ಖಟ್ಲೆಯಲ್ಲಿ ಹೇಳಿದರು: ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಇದ್ದನೋ ಇಲ್ಲವೋ ಎಂದು ನೋಡಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆದ ಮಾರಾಟ, ವಾಟ್ನಿಗಳನ್ನು ಮಾತ್ರ ಕೆದಕುವಂತಿಲ್ಲ. ವಾಟ್ನಿ ಎಂದರೆ ನೋಂದಣಿಯಾದದ್ದು, ಇಲ್ಲವೆ ಕೋರ್ಟಿನಿಂದ ಆದದ್ದು. ಬಾಯಿಮಾತಿನ ವಾಟ್ನಿಗೆ ಸರಕಾರಿ ಕಾಗದಗಳ ಗಟ್ಟಿ ಆಧಾರವಿದ್ದರಷ್ಟೇ, ಅದೂ ಅಪರೂಪಕ್ಕೆ, ಬೆಲೆ.

ಇದೆಲ್ಲ ನನಗೆ ತಿಳಿದದ್ದು ಅಣ್ಣನ ಮಗ ತನ್ನ ಪಾಲಿನ ಹೊಲ ಮಾರಲು ಹೊರಟಾಗ. ಕೊಳ್ಳುವವರ ವಕೀಲರು ಉತಾರ ಒಂದನ್ನೇ ನೋಡಿ ಸುಮ್ಮನಾಗಲಿಲ್ಲ, ವಂಶಾವಳಿ ಕೇಳಿದರು. ಅದರಲ್ಲಿ ನನ್ನ ಹೆಸರಿತ್ತು. ಇಪ್ಪತ್ತು ವರ್ಷ ದಾಟಿದ ಮೇಲೆ ನನ್ನ ಸಹಿ ಬೇಕಾಯಿತು! ನಾನು ಕಾಗದ ಓದದೆ ಸಹಿ ಹಾಕುವುದಿಲ್ಲ ಎಂದು, ಪರಿಚಯದ ಬೇರೊಬ್ಬ ವಕೀಲರ ಹತ್ತಿರ ಒಯ್ದೆ.

ಅವರು ಹಾಳೆಯ ಮೇಲೆ ಲೆಕ್ಕ ಹಾಕಿದರು. ಅಮ್ಮನ ಪಟ್ಟಿ ಬಿಟ್ಟು ಹಿರಿಯರ ಹೊಲ 20 ಎಕರೆ. 1999ರ ಕಾಯ್ದೆಯಂತೆ ಅಪ್ಪ ಸಾಯುವ ಮುನ್ನ ವಾಟ್ನಿ ಆಗಿತ್ತೆಂದು ಎಣಿಸಬೇಕು: ಅಪ್ಪ, ಅವ್ವ, ಅಣ್ಣ, ತಮ್ಮ, ತಂಗಿ, ತಲಾ 4 ಎಕರೆ. ನಮ್ಮ ಮುಂಬಯಿ ಪದ್ಧತಿಯಲ್ಲಿ ವಾಟ್ನಿಗೆ ಅವ್ವನಿಗೂ ಮಗನಷ್ಟೇ ಪಾಲು. ನನಗೆ ಸೊನ್ನೆ. ಆದರೆ ಅಪ್ಪನ 4 ಎಕರೆ ಅವನ ಹೆಂಡತಿ-ಮಕ್ಕಳೆಲ್ಲರಿಗೂ ಸಮ; ಅಲ್ಲಿ ಲಗ್ನದ ತಾರೀಖು ಬರುವುದಿಲ್ಲ. 160 ಗುಂಟೆ, ಐದು ಪಾಲು.

"ಮೂವತ್ತೆರಡು ಗುಂಟೆ ಆವತ್ತೂ ನಿಮ್ಮದ ಇತ್ತರೀ ಬಾಯಾರ," ಎಂದರು ವಕೀಲರು. "ನಿಮ್ಮ ಸಹಿ ಬ್ಯಾಡಂದವರು ಅರ್ಧಾ ಕಾಯ್ದೆ ಓದಿದ್ರು."

ಈಗಿನ ಕಾಯ್ದೆಯಂತೆ ನನಗೆ 4 ಎಕರೆ. ಅಣ್ಣ-ತಮ್ಮಂದಿರ ವರ್ದಿಯ ವಾಟ್ನಿಯನ್ನು ಕೋರ್ಟು ಹೇಗೆ ನೋಡೀತೆಂದು ಅವರು ಖಾತರಿ ಕೊಡಲಿಲ್ಲ. ಉತಾರದಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಹಕ್ಕಿಲ್ಲ ಎಂದಲ್ಲ, ಉತಾರ ಬರೀ ಕಂದಾಯದ ದಾಖಲೆ ಎಂದರು. ತಂಗಿಯ ಕಥೆ ಬೇರೆ. ನೋಂದಣಿಯಾದ ಪತ್ರಕ್ಕೆ ಸಹಿ ಮಾಡಿದ್ದಾಳೆ. ಮೋಸ, ಒತ್ತಾಯ ತೋರಿಸದೆ ಅದನ್ನು ತಿರುಗಿಸುವುದು ಕಷ್ಟ. ಹಕ್ಕಿದ್ದವಳು ಬಿಟ್ಟುಕೊಟ್ಟಳು, ಹಕ್ಕಿಲ್ಲದವಳನ್ನು ಯಾರೂ ಕೇಳಲಿಲ್ಲ. ಈಗ ಕೇಳದೆ ಬಿಟ್ಟವಳದೇ ಉಳಿದಿದೆ. ತಂಗಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಫೋನಿನಲ್ಲಿ ಮಾತಾಡಲಿಲ್ಲ.

ಕಾಗದವನ್ನು ಸಹಿ ಇಲ್ಲದೆ ಹಿಡಿದುಕೊಂಡು ಪಂಚಮಿಗೆ ಊರಿಗೆ ಹೋದೆ. ಅಣ್ಣ ಮುಖ ಕೊಟ್ಟು ಮಾತಾಡಲಿಲ್ಲ. ಉಂಡಿ ಮಾತ್ರ ತಾನೇ ತಂದು ಕೊಟ್ಟ. ಅವ್ವನಿಗೆ ಎಂಬತ್ನಾಲ್ಕು. "ಹೊಲ ಗಂಡಮಕ್ಕಳಿಗೆ, ತವರು ಹೆಣ್ಣಮಕ್ಕಳಿಗೆ. ಬಾಗಲಾ ಮುಚ್ಚಿಸ್ಕೋಬ್ಯಾಡ," ಎಂದಳು. ಇದು ಅವಳ ಹಳೆಯ ಮಾತೇ. ನಾನು ವಕೀಲರ ಹಾಳೆ ಬಿಡಿಸಿ, "ಇದರಾಗ ನಿಂದೂ ನಾಕು ಎಕರೆ ಐತಿ ಬೇ," ಎಂದೆ.

"ನಂದ?" ಎಂದಳು. ಅರವತ್ತು ವರ್ಷ ಆ ಹೊಲದಲ್ಲಿ ಕಸ ತೆಗೆದು, ಹತ್ತಿ ಬಿಡಿಸಿ, ಬುತ್ತಿ ಹೊತ್ತವಳು. ಹಾಳೆಯನ್ನು ತಿರುವು ಮುರುವು ಮಾಡಿ ನೋಡಿದಳು. ಆಮೇಲೆ ಅಣ್ಣ ಹೊರಗೆ ಹೋಗಿದ್ದಾನೆಯೇ ಎಂದು ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಯಾವ ಕಡೀಗೆ ಬರತೈತೇ? ಬನ್ನಿಗಿಡದ ಕಡೀಗೋ, ಹಳ್ಳದ ಕಡೀಗೋ?"