ಕಿಟ್ ಕಾರಿನ ಪ್ರೊಪೆಲ್ಲರ್ ಶಾಫ್ಟಿಗೆ ಸುರಕ್ಷೆಯ ಬಳೆ: ಆರಿಸುವುದು ಹೇಗೆ?



ಐಂಡ್‌ಹೋವನ್ ಸುತ್ತಮುತ್ತಲಿನ ನಮ್ಮ ಕುಟುಂಬಗಳಲ್ಲಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು, ಸಂಜೆಯಾದರೆ ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ಹಿಡಿಯುವ ಒಂದು ಸಣ್ಣ ಗುಂಪಿದೆ. ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸುವ ಸ್ಪೋರ್ಟ್ಸ್ ಕಾರು, ಅಂದರೆ ಕಿಟ್ ಕಾರು, ನಮ್ಮ ಗುಂಪಿನ ಹುಚ್ಚು. ಯಾವ ಎಂಜಿನ್, ಯಾವ ಬಣ್ಣ ಎಂಬ ಚರ್ಚೆ ಕಾಫಿ ಆರಿದರೂ ಮುಗಿಯುವುದಿಲ್ಲ. ಆದರೆ ಎರಡು ಸೀಟುಗಳ ನಡುವೆ ನಿಮಿಷಕ್ಕೆ 6000 ಸುತ್ತು ತಿರುಗುವ ಉಕ್ಕಿನ ಕೊಳವೆ ಕಳಚಿಕೊಂಡರೆ ಅದನ್ನು ಹಿಡಿಯುವವರು ಯಾರು? ಈ ಪ್ರಶ್ನೆ ಕೇಳುವವರು ಕಡಿಮೆ. ಪಕ್ಕದ ಸೀಟಿನಲ್ಲಿ ಕೂರುವುದು ಮಡದಿಯೋ ಮಗಳೋ ಆಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ ಎಂದಾದಾಗ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಶಿಯಲ್‌ಗೆ ಶಕ್ತಿ ಒಯ್ಯುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ನಮ್ಮಲ್ಲಿ ಬಹಳಷ್ಟು ಜನ ಮಾರುತಿ 800ರ ಕಾಲದವರು. ಅದು ಮುಂದಿನ ಚಕ್ರದ ಚಾಲನೆಯ ಕಾರಾದ್ದರಿಂದ ಈ ಶಾಫ್ಟಿನ ಪರಿಚಯ ನಮಗೆ ಆಗಲೇ ಇಲ್ಲ. ಅಪ್ಪಂದಿರ ಅಂಬಾಸಿಡರ್, ಊರಿನ ಜೀಪು, ಶಿರಾಡಿ ಘಾಟಿ ಹತ್ತುವ ಲಾರಿ, ಇವುಗಳ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದವರಿಗೆ ಗೊತ್ತಿರುತ್ತದೆ. ಶಾಫ್ಟಿನ ಎರಡು ತುದಿಗಳಲ್ಲಿ ಒಂದೊಂದು ಯುನಿವರ್ಸಲ್ ಜಾಯಿಂಟ್. ಅದರೊಳಗಿನ ಅಧಿಕ ಚಿಹ್ನೆಯಂಥ ಭಾಗಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಯುಜೆ ಕ್ರಾಸ್ ಎನ್ನುತ್ತಾರೆ. ಈ ಶಾಫ್ಟಿನ ಸುತ್ತ, ಅದಕ್ಕೆ ತಾಗದಂತೆ, ಚಾಸಿಗೆ ಬಿಗಿಯಾಗಿ ಕೂರಿಸಿದ ಉಕ್ಕಿನ ಬಳೆಯೇ ಸೇಫ್ಟಿ ಲೂಪ್. ಎಲ್ಲವೂ ಸರಿ ಇರುವಷ್ಟು ದಿನ ಅದಕ್ಕೆ ಏನೂ ಕೆಲಸವಿಲ್ಲ!

ನಾವಿರುವ ಊರಿಗೂ ಈ ಶಾಫ್ಟಿಗೂ ಹಳೆಯ ನಂಟಿದೆ. ಹುಬ್ ವಾನ್ ಡೋರ್ನೆ 1928ರಲ್ಲಿ ಐಂಡ್‌ಹೋವನ್‌ನಲ್ಲೇ ಸಣ್ಣ ವರ್ಕ್‌ಶಾಪ್ ತೆರೆದರು. ಅದೇ ಮುಂದೆ ಡಾಫ್ ಕಂಪನಿಯಾಯಿತು. 1958ರಲ್ಲಿ ಅವರು ತೋರಿಸಿದ ಡಾಫ್ 600 ಕಾರಿನಲ್ಲಿ ಎಂಜಿನ್ ಮುಂದೆ, ವೇರಿಯೋಮ್ಯಾಟಿಕ್ ಎಂಬ ಬೆಲ್ಟಿನ ಗೇರ್ ವ್ಯವಸ್ಥೆ ಹಿಂದೆ. ಹಾಗಾಗಿ ನಡುವಿನ ಶಾಫ್ಟ್ ಎಂಜಿನ್ನಿನ ವೇಗದಲ್ಲೇ ತಿರುಗಬೇಕಿತ್ತು. ಇಲ್ಲಿನ ಡಾಫ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಕಾರಿನ ಅಡಿಭಾಗವನ್ನೂ ತೋರಿಸಿ. ಇನ್ನು ನಾವು ಕಟ್ಟುವ ಕಾರುಗಳ ಮೂಲಪುರುಷ 1957ರ ಲೋಟಸ್ ಸೆವೆನ್. ಬಿಡಿಭಾಗಗಳಾಗಿ ಕೊಂಡರೆ ಬ್ರಿಟನ್ನಿನಲ್ಲಿ ಆಗ ಖರೀದಿ ತೆರಿಗೆ ಬೀಳುತ್ತಿರಲಿಲ್ಲ ಎಂಬುದೇ ಅದರ ಜನಪ್ರಿಯತೆಯ ಗುಟ್ಟು. 1973ರಿಂದ ಕೇಟರ್‌ಹ್ಯಾಮ್, 1978ರಿಂದ ಹಾಲೆಂಡಿನದೇ ಆದ ಡಾಂಕರ್‌ವೂರ್ಟ್ ಆ ವಂಶವನ್ನು ಬೆಳೆಸಿಕೊಂಡು ಬಂದಿವೆ.

ಕಳಚಿದರೆ ಏನಾಗುತ್ತದೆ?

ಮುಂದಿನ ಜಾಯಿಂಟ್ ಮುರಿದರೆ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಬೀಳುತ್ತದೆ. ಕಾರು ಮುಂದೆ ಹೋಗುತ್ತಿದೆ, ತುದಿಯೂ ಮುಂದಕ್ಕೇ ಮುಖ ಮಾಡಿದೆ. ಒಂದು ಗುಂಡಿಗೋ ಮ್ಯಾನ್‌ಹೋಲ್ ಅಂಚಿಗೋ ಸಿಕ್ಕಿಕೊಂಡರೆ ಕೋಲು ಊರಿ ಹಾರುವ ಆಟಗಾರನಂತೆ ಕಾರಿನ ಹಿಂಭಾಗ ಮೇಲೇಳುತ್ತದೆ. ಸಾಲದ್ದಕ್ಕೆ ಹಿಂದಿನ ಚಕ್ರಗಳು ಡಿಫರೆನ್ಶಿಯಲ್ ಮೂಲಕ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತವೆ. ಹಿಂದಿನ ಜಾಯಿಂಟ್ ಮುರಿದರೆ ನೆಲಕ್ಕೆ ಚುಚ್ಚುವ ಭಯ ಕಡಿಮೆ, ತುದಿ ಹಿಂದೆ ಎಳೆದುಕೊಂಡು ಬರುತ್ತದೆ. ಆದರೆ ಎಂಜಿನ್ ಅದನ್ನು ತಿರುಗಿಸುತ್ತಿರುವುದರಿಂದ ಅದು ಚಾಟಿಯಂತೆ ಸುತ್ತಲೂ ಬೀಸುತ್ತದೆ.

ಲೆಕ್ಕ ಹಾಕಿ ನೋಡಿದೆವು. 6 ಕೆ.ಜಿ. ತೂಕದ, 75 ಮಿ.ಮೀ. ವ್ಯಾಸದ ಕೊಳವೆ 6000 ಸುತ್ತಿನಲ್ಲಿದ್ದಾಗ ಅದರಲ್ಲಿರುವ ತಿರುಗುವ ಶಕ್ತಿ ಸುಮಾರು 1500 ಜೂಲ್. 10 ಕೆ.ಜಿ. ಅಕ್ಕಿಚೀಲವನ್ನು 15 ಮೀಟರ್ ಎತ್ತರದಿಂದ ಕೆಡವಿದಷ್ಟು! ಇದು ಶಾಫ್ಟಿನ ಸ್ವಂತ ಶಕ್ತಿ ಮಾತ್ರ; ಹಿಂದಿನಿಂದ ತಳ್ಳುವ ಎಂಜಿನ್ ಲೆಕ್ಕದಲ್ಲಿ ಸೇರಿಲ್ಲ. ಸೆವೆನ್ ಮಾದರಿಯ ಕಾರಿನಲ್ಲಿ ಇದಕ್ಕೂ ನಿಮ್ಮ ಸೊಂಟಕ್ಕೂ ನಡುವೆ ಇರುವುದು ಚಾಸಿಯ ಒಂದೆರಡು ಸಪೂರ ಕೊಳವೆ ಮತ್ತು ತೆಳು ಅಲ್ಯೂಮಿನಿಯಂ ತಗಡು.

ಒಂದು ಬಳೆ ಸಾಕೇ?

ಬಳೆಯ ಅಳತೆಯ ಬಗ್ಗೆ ಎಲ್ಲರೂ ನೋಡುವುದು ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮವನ್ನು. ಶಾಫ್ಟನ್ನು ಪೂರ್ತಿ 360 ಡಿಗ್ರಿ ಸುತ್ತುವರಿಯಬೇಕು. ಕನಿಷ್ಠ ಕಾಲು ಇಂಚು ದಪ್ಪ, 2 ಇಂಚು ಅಗಲದ ಪಟ್ಟಿ, ಇಲ್ಲವೇ 7/8 ಇಂಚು ವ್ಯಾಸ, 0.065 ಇಂಚು ಗೋಡೆಯ ಉಕ್ಕಿನ ಕೊಳವೆಯನ್ನು ವೆಲ್ಡ್ ಮಾಡಿದ್ದು; ಮುಂದಿನ ಜಾಯಿಂಟಿನಿಂದ 6 ಇಂಚಿನೊಳಗೆ ಇರಬೇಕು. ನಮ್ಮ ಅಳತೆಯಲ್ಲಿ 50 ಮಿ.ಮೀ. ಅಗಲ, 6 ಮಿ.ಮೀ.ಗಿಂತ ತುಸು ಹೆಚ್ಚು ದಪ್ಪ, ಜಾಯಿಂಟಿನಿಂದ 150 ಮಿ.ಮೀ. ಒಳಗೆ. ಒಳ್ಳೆಯ ನಿಯಮವೇ. ಆದರೆ ಅದರ ಮುಖ್ಯ ಉದ್ದೇಶ ಮುಂದಿನ ತುದಿ ನೆಲಕ್ಕೆ ಚುಚ್ಚದಂತೆ ತಡೆಯುವುದು. ಡ್ರ್ಯಾಗ್ ಓಡುವ ದೊಡ್ಡ ಅಮೆರಿಕನ್ ಕಾರಿನಲ್ಲಿ ಹಿಂದಿನ ಜಾಯಿಂಟಿಗೂ ಚಾಲಕನಿಗೂ ಬೇಕಾದಷ್ಟು ದೂರವಿದೆ. ಸೆವೆನ್‌ನಲ್ಲಿ ಹಾಗಲ್ಲ! ಸೀಟು ಹಿಂದಿನ ಆಕ್ಸಲ್‌ಗೆ ಒತ್ತಿಕೊಂಡೇ ಇರುತ್ತದೆ, ಹಿಂದಿನ ಜಾಯಿಂಟ್ ನಮ್ಮ ಸೊಂಟದ ಪಕ್ಕದಲ್ಲೇ ಬರುತ್ತದೆ.

ಮತ್ತೊಂದು ಲೆಕ್ಕ. 1 ಮೀಟರ್ ಉದ್ದದ ಶಾಫ್ಟ್, ಮುಂದಿನ ಜಾಯಿಂಟಿನಿಂದ 150 ಮಿ.ಮೀ. ಹಿಂದೆ ಬಳೆ, ಸುತ್ತಲೂ 20 ಮಿ.ಮೀ. ಎಡೆ ಎಂದುಕೊಳ್ಳಿ. ಹಿಂದಿನ ಜಾಯಿಂಟ್ ಮುರಿದು ಶಾಫ್ಟ್ ಬಳೆಗೆ ತಾಗುವಷ್ಟರಲ್ಲಿ ಅದರ ಹಿಂದಿನ ತುದಿ 130 ಮಿ.ಮೀ. ಅತ್ತಿತ್ತ ಹೋಗಿರುತ್ತದೆ. ನಿಮ್ಮ ಸೊಂಟ ಅದಕ್ಕಿಂತ ಹತ್ತಿರದಲ್ಲಿದೆ. ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಸೆವೆನ್ ಮಾದರಿಯ ಕಾರಿಗೆ ಎರಡು ಬಳೆ ಬೇಕು. ಮುಂದಿನದು ರಸ್ತೆಗಾಗಿ, ಹಿಂದಿನದು ದೇಹಕ್ಕಾಗಿ. ಒಂದಕ್ಕೇ ಜಾಗವಿದ್ದರೆ ಮುಂದೆ ಬಳೆ ಹಾಕಿ, ಸೊಂಟದ ಭಾಗದ ಟನಲ್ ಗೋಡೆಗೆ 3 ಮಿ.ಮೀ. ಉಕ್ಕಿನ ತಗಡನ್ನು ಚಾಸಿಗೆ ಸೇರಿಸಿ ಕೂರಿಸಿ. ಎಡ ಬಲ ಎರಡೂ ಕಡೆ, ಪಕ್ಕದವರನ್ನು ಮರೆಯಬೇಡಿ!

ಕೋಬ್ರಾ ಮಾದರಿಯ ವಿ8 ಕಾರು ಕಟ್ಟುವವರ ಕಥೆ ಬೇರೆ. ಅಲ್ಲಿ ಶಾಫ್ಟ್ ತೀರಾ ಗಿಡ್ಡ, ಮಧ್ಯದಲ್ಲಿ ಒಂದೇ ಅಗಲವಾದ ಬಳೆ ಎರಡು ತುದಿಗಳಿಗೂ ಸಾಕಾಗಬಹುದು.

ಎಡೆ ಎಷ್ಟಿರಬೇಕು ಎಂಬುದು ಹಿಂದಿನ ಆಕ್ಸಲ್ ಮೇಲೆ ನಿಂತಿದೆ. ಡಿಫರೆನ್ಶಿಯಲ್ ಚಾಸಿಗೇ ಕಟ್ಟಿದ್ದರೆ (ಡಿ ಡಿಯೋನ್ ಅಥವಾ ಸ್ವತಂತ್ರ ಸಸ್ಪೆನ್ಷನ್) ಶಾಫ್ಟ್ ಅಲುಗುವುದು ರಬ್ಬರ್ ಮೌಂಟಿಂಗ್‌ನಷ್ಟೇ. ಎರಡೂ ಬಳೆಗಳಿಗೆ 15ರಿಂದ 20 ಮಿ.ಮೀ. ಎಡೆ ಸಾಕು. ಲೈವ್ ಆಕ್ಸಲ್ ಆದರೆ ಹಿಂದಿನ ತುದಿ ಆಕ್ಸಲ್ ಜೊತೆ ಏರಿಳಿಯುತ್ತದೆ. ಆಕ್ಸಲ್ 75 ಮಿ.ಮೀ. ಎದ್ದರೆ ಮುಂದಿನ ಬಳೆಯ ಬಳಿ ಶಾಫ್ಟ್ 11 ಮಿ.ಮೀ. ಮಾತ್ರ ಏಳುತ್ತದೆ, ಹಿಂದಿನ ಬಳೆಯ ಬಳಿ 64 ಮಿ.ಮೀ. ಹಾಗಾಗಿ ಹಿಂದಿನದು ದುಂಡಗಿರದೆ ಉದ್ದುದ್ದ ಮೊಟ್ಟೆಯಾಕಾರದಲ್ಲಿರಬೇಕು: ಮೇಲೆ ಕೆಳಗೆ ಸಡಿಲ, ಅಕ್ಕಪಕ್ಕ ಬಿಗಿ. ಜಾಕ್ ಹಾಕಿ ಆಕ್ಸಲ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಮಾಡಿ ಕಣ್ಣಾರೆ ನೋಡದೆ ಬೋಲ್ಟ್ ಬಿಗಿಯಬೇಡಿ. ಬೇಕೆಂದೇ ದೊಡ್ಡ ಬಳೆ ಹಾಕುವುದೂ ತಪ್ಪು. ಶಾಫ್ಟಿಗೆ ಬೀಸಲು ಜಾಗ ಸಿಕ್ಕಷ್ಟೂ ಬಳೆಗೆ ಬೀಳುವ ಪೆಟ್ಟು ಜೋರು.

ಯಾವುದರಿಂದ ಮಾಡಿದ್ದು, ಎಲ್ಲಿಗೆ ಕಟ್ಟುವುದು

ಉಕ್ಕಿನ ಪಟ್ಟಿಯೇ ನಮ್ಮ ಆಯ್ಕೆ. 75 ಮಿ.ಮೀ. ಶಾಫ್ಟಿಗೆ 115 ಮಿ.ಮೀ. ಒಳವ್ಯಾಸದ 50 × 6 ಪಟ್ಟಿಯ ಬಳೆ 900 ಗ್ರಾಂ ತೂಗುತ್ತದೆ. ಕಾಲುಗಳೂ ಬೋಲ್ಟುಗಳೂ ಸೇರಿ ಒಂದು ಕೆ.ಜಿ. ಚಿಲ್ಲರೆ. ತೂಕ ಉಳಿಸುತ್ತೇವೆಂದು ಅಲ್ಯೂಮಿನಿಯಂಗೆ ಹೋಗುವವರಿದ್ದಾರೆ. ತಿರುಗುವ ಉಕ್ಕು ಉಜ್ಜಿದರೆ ಅದು ಬೇಗ ಸವೆಯುತ್ತದೆ, ನಾವಂತೂ ಒಪ್ಪುವುದಿಲ್ಲ. ಬರೀ ಕೆಳಗೆ ಜೋತುಬಿಟ್ಟ ಯು ಆಕಾರದ ಪಟ್ಟಿಯೂ ಬೇಡ. ಅದು ಶಾಫ್ಟ್ ನೆಲಕ್ಕೆ ಬೀಳದಂತೆ ನೋಡಿಕೊಂಡೀತು, ಮೇಲೆ ಹಾರದಂತೆ ತಡೆಯಲಾರದು. ಬಳೆ ಎರಡು ಅರ್ಧಗಳಾಗಿರಲಿ, ಇಲ್ಲದಿದ್ದರೆ ಯುಜೆ ಕ್ರಾಸ್ ಬದಲಿಸುವ ದಿನ ಅರ್ಧ ಕಾರನ್ನೇ ಬಿಚ್ಚಬೇಕಾದೀತು. ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ.

ಕೊಂಡ ಬಳೆ ಎಷ್ಟೇ ಗಟ್ಟಿ ಇರಲಿ, ಕಟ್ಟಿದ ಜಾಗ ಪೊಳ್ಳಾದರೆ ಪ್ರಯೋಜನವಿಲ್ಲ. ಟನಲ್‌ನ ತಗಡಿಗೆ ರಿವೆಟ್ ಹೊಡೆದ ಬಳೆ ಶಾಫ್ಟಿನ ಜೊತೆ ತಾನೂ ತಿರುಗಲು ಹೊರಡುತ್ತದೆ. ಗೇರ್‌ಬಾಕ್ಸಿನ ಬಾಲಕ್ಕೂ ಬೇಡ, ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ಸೀಳುತ್ತದೆ. ಚಾಸಿಯ ಕೊಳವೆಗೇ ಕಟ್ಟಬೇಕು. ಮನೆಯಲ್ಲಿ ಕಟ್ಟುವ ಸೆವೆನ್ ಮಾದರಿಗಳ ಚಾಸಿ ಸಾಮಾನ್ಯವಾಗಿ 25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ ಕೊಳವೆ. ಅದಕ್ಕೆ ನೇರ ತೂತು ಕೊರೆದು ಬೋಲ್ಟ್ ಬಿಗಿದರೆ ಕೊಳವೆ ಚಪ್ಪಟೆಯಾಗುತ್ತದೆ. ಒಳಗೆ ಅಡ್ಡಲಾಗಿ ಉಕ್ಕಿನ ಬುಷ್ ಇಟ್ಟು ವೆಲ್ಡ್ ಮಾಡಿಸಿ, ಅದರ ಮೂಲಕ 8.8 ದರ್ಜೆಯ ಎಂ10 ಬೋಲ್ಟ್ ಹಾಕಿ, ನೈಲಾಕ್ ನಟ್ ಬಿಗಿಯಿರಿ. ಅಥವಾ ಚಾಸಿಗೆ 4 ಮಿ.ಮೀ. ತಗಡಿನ ಕಿವಿಗಳನ್ನು ವೆಲ್ಡ್ ಮಾಡಿಸಿ. ಪೌಡರ್ ಕೋಟಿಂಗ್ ಆದ ಮೇಲೆ ನೆನಪಾದರೆ ಬಣ್ಣವೂ ಹಾಳು, ದುಡ್ಡೂ ಹಾಳು. ಚಾಸಿ ಬರಿಯ ಕಬ್ಬಿಣವಾಗಿರುವಾಗಲೇ ಮುಗಿಸಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಟನಲ್‌ನಲ್ಲೇ ಹೋಗುವುದಾದರೆ ಅವು ಬಳೆಯ ಹೊರಗಿರಬೇಕು.

ಎಲ್ಲರಿಗೂ ಇದು ಬೇಕೇ ಎಂದು ಕೇಳುತ್ತಾರೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಹಗುರ ಕಾರಿನಲ್ಲಿ ಎಂಜಿನ್ ಶಕ್ತಿಯಿಂದಲೇ ಶಾಫ್ಟ್ ಮುರಿಯುವುದು ಕಷ್ಟ. 200 ನ್ಯೂಟನ್ ಮೀಟರ್ ಎಂಜಿನ್ ಮೊದಲ ಗೇರಿನಲ್ಲಿ (3.6 ಪಟ್ಟು) ಶಾಫ್ಟಿಗೆ 720 ಕೊಡಬಲ್ಲದು. ಆದರೆ ಹಿಂದಿನ ಚಕ್ರಗಳ ಮೇಲೆ 350 ಕೆ.ಜಿ. ಭಾರ, 3.9ರ ಆಕ್ಸಲ್ ಇದ್ದರೆ ಸಾಧಾರಣ ಟೈರು 250ರ ಆಸುಪಾಸಿನಲ್ಲೇ ಜಾರಿಬಿಡುತ್ತದೆ. ಟೈರೇ ಇಲ್ಲಿ ಫ್ಯೂಸ್! ಅಂಟು ಟೈರ್ ಹಾಕಿ ಝಂಡ್‌ವೋರ್ಟ್‌ಗೋ ಬೆಲ್ಜಿಯಂನ ಝೋಲ್ಡರ್‌ಗೋ ಟ್ರ್ಯಾಕ್ ಓಡಿಸಲು ಹೋಗುವವರಿಗೆ ಈ ಫ್ಯೂಸ್ ದಪ್ಪವಾಗುತ್ತದೆ. ಉಳಿದವರಲ್ಲಿ ನಾವು ಹೆದರುವುದು ಶಕ್ತಿಗಲ್ಲ, ಅಸಡ್ಡೆಗೆ: ಹಳೆಯ ಕಾರಿನಿಂದ ತೆಗೆದ ಶಾಫ್ಟ್, ಗ್ರೀಸ್ ಕಾಣದ ಕ್ರಾಸ್, ಮರುಬಳಕೆಯ ಫ್ಲೇಂಜ್ ಬೋಲ್ಟ್. ಇವು ಯಾವ ಎಂಜಿನ್ನಿಗೂ ಕಾಯುವುದಿಲ್ಲ.

ಶಾಫ್ಟನ್ನು ಉದ್ದ ಮಾಡಿಸುವವರು ಇದನ್ನೂ ಗಮನಿಸಿ. ತನ್ನದೇ ಕಂಪನಕ್ಕೆ ಸಿಲುಕಿ ಬಾಗುವ ವೇಗ ಪ್ರತಿ ಶಾಫ್ಟಿಗೂ ಇದೆ. 75 ಮಿ.ಮೀ. ಹೊರವ್ಯಾಸ, 70 ಒಳವ್ಯಾಸದ ಉಕ್ಕಿನ ಕೊಳವೆ 1.2 ಮೀಟರ್ ಉದ್ದವಿದ್ದರೆ ಅದು ಸುಮಾರು 8600 ಸುತ್ತು, 1.5 ಮೀಟರ್ ಆದರೆ ಕೇವಲ 5500. ಲೆಕ್ಕದ ಮುಕ್ಕಾಲು ಪಾಲನ್ನು ದಾಟದಿರುವುದು ಕ್ಷೇಮ. ಕತ್ತರಿಸಿ ವೆಲ್ಡ್ ಮಾಡಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಲೇಬೇಕು. ಎರಡೂ ತುದಿಗಳ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಇಲ್ಲಿನ ಅಂಗಡಿಗಳಲ್ಲಿ ಶಾಫ್ಟಿಗೆ ‘ಕಾರ್ಡಾನ್‌ಆಸ್’, ಜಾಯಿಂಟಿಗೆ ‘ಕ್ರೌಸ್‌ಕೊಪ್ಪೆಲಿಂಗ್’ ಎಂದು ಕೇಳಿ, ಕೂಡಲೇ ಅರ್ಥವಾಗುತ್ತದೆ.

ಮನೆಯಲ್ಲಿ ಕಟ್ಟಿದ ಕಾರಿಗೆ ನಂಬರ್ ಸಿಗಬೇಕಾದರೆ ಆರ್‌ಡಿಡಬ್ಲ್ಯೂ ಪರೀಕ್ಷೆ ಆಗಬೇಕಷ್ಟೆ. ಟನಲ್ ಮುಚ್ಚಿದ ಮೇಲೆ ಬಳೆ ಕಾಣುವುದಿಲ್ಲ. ಹಾಗಾಗಿ ಮುಚ್ಚುವ ಮೊದಲೇ ಬಳೆ, ಬೋಲ್ಟು, ವೆಲ್ಡಿಂಗ್‌ಗಳ ಫೋಟೋ ತೆಗೆದು ಕಡತದಲ್ಲಿಡಿ, ಅಳತೆಪಟ್ಟಿಯೂ ಫೋಟೋದಲ್ಲಿರಲಿ. ಟನಲ್‌ನ ಮೇಲ್ಭಾಗವನ್ನು ರಿವೆಟ್ ಬದಲು ಸ್ಕ್ರೂ ಹಾಕಿ ಮುಚ್ಚಿದರೆ ಮೊದಲ 100 ಕಿ.ಮೀ. ಓಡಿಸಿದ ಮೇಲೆ ಬಿಚ್ಚಿ, ಫ್ಲೇಂಜಿನ ಬೋಲ್ಟುಗಳು ಸಡಿಲವಾಗಿವೆಯೇ, ಬಳೆಯ ಒಳಮೈಯಲ್ಲಿ ಹೊಳೆಯುವ ಗೀರು ಬಿದ್ದಿದೆಯೇ ಎಂದು ನೋಡಲು ಸುಲಭ. ಗೀರು ಕಂಡರೆ ಶಾಫ್ಟ್ ಎಲ್ಲೋ ತಾಗುತ್ತಿದೆ ಎಂದರ್ಥ. ಎಂಜಿನ್ ಮೌಂಟಿಂಗ್‌ನಿಂದ ಹುಡುಕಲು ಶುರು ಮಾಡಿ.