ಭಾಗವತ (ತೆಂಕುತಿಟ್ಟು): ಕಥನದ ಗತಿ ನಿರ್ವಹಣೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಪ್ರಚಲಿತವಿರುವ ತೆಂಕುತಿಟ್ಟು ಯಕ್ಷಗಾನದಲ್ಲಿ ಭಾಗವತನೇ ಗಾಯಕ, ಅವನೇ ನಿರ್ದೇಶಕ. ಅವನನ್ನು ಮೇಳದ ‘ಮೊದಲ ವೇಷಧಾರಿ’ ಎಂದು ಗೌರವಿಸುತ್ತಾರೆ. ಸಿನಿಮಾ ನಿರ್ದೇಶಕ ಸಂಕಲನದಲ್ಲಿ ಸಾಧಿಸುವ ವೇಗವನ್ನು ಭಾಗವತ ರಂಗದಲ್ಲೇ, ಆ ಕ್ಷಣದಲ್ಲೇ ಸಾಧಿಸಬೇಕು.

ವಿಧಾನ: ಪದ್ಯಗಳ ಆಯ್ಕೆ, ತಾಳ ಮತ್ತು ಲಯ ಅವನ ಮುಖ್ಯ ಸಾಧನಗಳು. ಅರ್ಥಗಾರಿಕೆ (ಪಾತ್ರಧಾರಿಗಳ ಆಶು ಮಾತು) ಕಳೆಗಟ್ಟಿದರೆ ಕಾಯುತ್ತಾನೆ. ಅದು ಎಳೆತವಾದರೆ ಮುಂದಿನ ಪದ್ಯ ಎತ್ತುತ್ತಾನೆ. ಶೃಂಗಾರ, ಕರುಣ ರಸಗಳಿಗೆ ವಿಳಂಬಗತಿ. ಯುದ್ಧಕ್ಕೆ ಏರುಪದ್ಯ, ಜತೆಗೆ ಚೆಂಡೆಯ ಅಬ್ಬರ.

‘ದೇವಿಮಹಾತ್ಮೆ’ ಪ್ರಸಂಗದ ಮಹಿಷಾಸುರನ ಪ್ರವೇಶ ಈ ಗತಿ ನಿರ್ವಹಣೆಗೆ ಉತ್ತಮ ನಿದರ್ಶನ. ಪಾತ್ರಧಾರಿ ಚೌಕಿಯಿಂದ (ಬಣ್ಣದ ಮನೆಯಿಂದ) ನೇರ ರಂಗಕ್ಕೆ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಆರ್ಭಟಿಸುತ್ತ ಬರುತ್ತಾನೆ. ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೇಳುತ್ತದೆ. ಈ ದೀರ್ಘ ನಿರೀಕ್ಷೆಯೇ ಮುಂದೆ ಬರುವ ದೇವಿಯ ಪರಾಕ್ರಮಕ್ಕೆ ತೂಕ ಕೊಡುತ್ತದೆ.

ಕಲಾವಿದರು: ಸುಳ್ಯ ತಾಲೂಕಿನ ಕಲ್ಲುಗುಂಡಿಯ ಪದ್ಯಾಣ ಗಣಪತಿ ಭಟ್ (ನಿಧನ 2021) ಈ ಭಾಗದ ಪ್ರಸಿದ್ಧ ಭಾಗವತರಾಗಿದ್ದರು. ವೇಷಧಾರಿಗಳಲ್ಲಿ, ಅಭಿಮನ್ಯು, ಬಬ್ರುವಾಹನ ಪಾತ್ರಗಳ ಬಿರುಸಿನ ನಾಟ್ಯಕ್ಕೆ ಪುತ್ತೂರು ಶ್ರೀಧರ ಭಂಡಾರಿ (ನಿಧನ 2021) ಹೆಸರಾಗಿದ್ದರು.

ಬದಲಾವಣೆ: ಪತ್ತನಾಜೆಯವರೆಗಿನ (ಮೇಳಗಳು ತಿರುಗಾಟ ಮುಗಿಸುವ ದಿನದವರೆಗಿನ) ತಿರುಗಾಟದಲ್ಲಿ ಇರುಳಿಡೀ ಆಟ ಆಡುವುದು ರೂಢಿಯಾಗಿತ್ತು. ಕಟೀಲು ಮೇಳಗಳು 2022ರಲ್ಲಿ ಕಾಲಮಿತಿ ಪ್ರದರ್ಶನ ಆರಂಭಿಸಿದವು. ಕಾಲಮಿತಿಯಲ್ಲಿ ಒಡ್ಡೋಲಗ (ಪಾತ್ರಗಳ ವೈಭವದ ಪ್ರವೇಶ), ಪೀಠಿಕೆ, ಸಂವಾದಗಳು ಕುಗ್ಗುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಚನೆ ಭಾಗವತನ ಹೊಣೆ. ಪ್ರಸಂಗದ ರಸ ಉಳಿಯುವುದು ಅದರಿಂದಲೇ.